ಆಪಲ್ಲೋ, ಪೇರ್ರೋ, ಪನ್ನೇರಳೆಯೋ: ಕೊಡಗಿನ ಮನೆಗೆ ಯಾವ ಹಣ್ಣು ತರೋದು, ಯಾವುದು ನೆಡೋದು, ಯಾವುದನ್ನ ಕತೆಗೆ ಬಿಡೋದು

ತಮ್ಮ ಬೆಂಗಳೂರಿಂದ ಫೋನ್ ಮಾಡಿ "ಅಕ್ಕ, ಮೇಲಿನ ತೋಟದಲ್ಲಿ ಅರ್ಧ ಎಕರೆ ಖಾಲಿ ಬಿದ್ದಿದ್ಯಲ್ಲ, ಅಲ್ಲಿ ಆಪಲ್ ಹಾಕ್ಬಿಡೋಣ, ಬಯಲುಸೀಮೇಲೇ ಬೆಳೀತಿದಾರಂತೆ, ವಿಡಿಯೋ ನೋಡ್ದೆ, ನಮ್ ಮಡಿಕೇರಿ ಚಳಿಗೆ ಬರ್ದೇ ಇರುತ್ತಾ" ಅಂತ ಕೇಳಿ ಮೂರು ವಾರ ಆಯ್ತು. ಬೇಡ ಕಣೋ ಅಂದೆ. ಯಾಕೆ ಬೇಡ ಅಂತ ಹೇಳೋಕೆ ಹೋದ್ರೆ ಮಾತು ಆಪಲ್‌ನಿಂದ ಪೇರ್‌ಗೆ ಹೋಯ್ತು, ಅಲ್ಲಿಂದ ಹಿತ್ತಲಿನ ಪೇರಳೆಗೆ ಬಂತು, ಪಕ್ಕದಲ್ಲಿ ಕೂತಿದ್ದ ಅತ್ತೆ "ನನ್ನ ಹಲ್ಲಿಗೆ ಆಗೋದು ಯಾವ್ದು ಅದನ್ನ ಮೊದ್ಲು ಹೇಳು" ಅಂದ್ರು, ಮಗಳು ಮಧ್ಯದಲ್ಲಿ ಬಂದು ಚಿನ್ನದ ಸೇಬು ನಿಜವಾಗ್ಲೂ ಇತ್ತಾ ಅಂತ ಶುರು ಮಾಡಿದ್ಲು. ಕೊನೆಗೆ ತಮ್ಮನೇ "ಎಲ್ಲಾ ಒಂದ್ ಕಡೆ ಬರೆದು ಕಳ್ಸಕ್ಕ" ಅಂದ. ಬರೆದಿದ್ದು ಉದ್ದ ಆಯ್ತು, ಇನ್ನೊಬ್ರಿಗೂ ಉಪಯೋಗ ಆಗ್ಲಿ ಅಂತ ಇಲ್ಲೂ ಹಾಕ್ತಿದೀನಿ.

ಅವಸರ ಇರೋರಿಗೆ ಮೊದ್ಲೇ ಹೇಳ್ಬಿಡ್ತೀನಿ. ಆಪಲ್ ತಗೊಂಡು ತಿನ್ನಿ, ನೆಡೋಕೆ ಹೋಗ್ಬೇಡಿ. ಪೇರ್ ತಗೊಂಡ್ರೆ ಎರಡ್ಮೂರು ದಿನ ಕಾಯೋ ತಾಳ್ಮೆ ಇಟ್ಕೊಂಡು ತಗೊಳ್ಳಿ. ನೆಡೋದಾದ್ರೆ ಬೆಣ್ಣೆಹಣ್ಣು (ಅವಕಾಡೊ), ಲೋಕ್ವಾಟ್ (ಲಕೋಟೆ ಹಣ್ಣು), ಪನ್ನೇರಳೆ, ಪೇರಳೆ, ಈ ನಾಲ್ಕರಲ್ಲಿ ನಿಮ್ಮ ಜಾಗಕ್ಕೆ ಯಾವ್ದು ಸರಿ ಹೋಗುತ್ತೋ ಅದು.

ಹೆಸರಲ್ಲಿ ಮಾತ್ರ ಆಪಲ್

ಈ ಹಣ್ಣುಗಳ ಹೆಸರಿನ ಗೋಜಲು ಬಿಡಿಸ್ದೆ ಹೋಲಿಕೆ ಮಾಡೋಕೇ ಆಗಲ್ಲ. ಮಡಿಕೇರಿ ಶುಕ್ರವಾರದ ಸಂತೇಲಿ ಒಂದ್ಸಲ ಮೈಸೂರು ಕಡೆಯ ಅಜ್ಜಿ ಒಬ್ರು "ಸೀಬೆಹಣ್ಣು ಕೊಡಪ್ಪ" ಅಂದ್ರು, ಅಂಗಡಿ ಹುಡುಗ ಕೇರಳದವನು, ಸೇಬು ಅಂತ ಕೇಳಿಸ್ಕೊಂಡು ಒಂದು ಕೆಜಿ ಆಪಲ್ ತೂಗಿ ಚೀಲಕ್ಕೆ ಹಾಕೇ ಬಿಟ್ಟ. ಅಜ್ಜಿ ಕೇಳಿದ್ದು ನಾವು ಪೇರಳೆ ಅನ್ನೋ ಹಣ್ಣು. ಸೇಬು ಅನ್ನೋ ಮಾತು ಫಾರ್ಸಿಯ ಸೇಬ್ ಇಂದ ಬಂದಿದ್ದು. ಪೇರಳೆ ಅನ್ನೋದು ಪೋರ್ಚುಗೀಸರ ಪೇರಾ ಇಂದ ಬಂದಿದ್ದು ಅಂತಾರೆ, ಅವರ ಭಾಷೇಲಿ ಪೇರಾ ಅಂದ್ರೆ ಪೇರ್ ಹಣ್ಣು! ಆ ಗಿಡ ಅಮೆರಿಕ ಖಂಡದ್ದು, ಹಡಗಲ್ಲಿ ಈ ಕಡೆ ಬಂತು, ಪೇರ್ ತರ ಕಾಣ್ಸಿದ್ದಕ್ಕೆ ಆ ಹೆಸರೇ ಅಂಟ್ಕೊಂಡಿರಬೇಕು. ಹಂಗಾಗಿ ಕರಾವಳಿ, ಕೊಡಗಿನ ಹಿತ್ತಲಲ್ಲಿ ಇರೋ ಪೇರಳೆ ಮರಕ್ಕೆ ಇರೋದು ಇನ್ನೊಂದು ಹಣ್ಣಿನ ಹೆಸರು. ಇನ್ನು ನಿಜವಾದ ಪೇರ್‌ಗೆ ಕನ್ನಡದಲ್ಲಿ ಮರಸೇಬು ಅಂತಾರೆ, ತಮಿಳು ವ್ಯಾಪಾರಿಗಳು ಪೇರಿಕಾಯಿ ಅಂತಾರೆ, ಉತ್ತರದ ಕಡೆ ನಾಶ್‌ಪಾತಿ. ಅಂಗಡೀಲಿ ಬೆರಳು ತೋರಿಸಿ ಕೇಳೋದೇ ವಾಸಿ.

ಯಾವುದು ಯಾವುದರ ಸಂಬಂಧಿ ಅಂತ ತಿಳ್ಕೊಳ್ಳೋಕೆ ಹಣ್ಣನ್ನ ಉದ್ದಕ್ಕಲ್ಲ, ಅಡ್ಡಕ್ಕೆ ಕುಯ್ಯಿ. ಆಪಲ್ ಅಡ್ಡ ಕುಯ್ದ್ರೆ ನಡುವೆ ಐದು ಕೋಣೆಯ ನಕ್ಷತ್ರ ಕಾಣುತ್ತೆ, ಪ್ರತಿ ಕೋಣೇಲಿ ಬೀಜ. ಪೇರ್‌ನಲ್ಲೂ ಅದೇ ನಕ್ಷತ್ರ. ನಾವು ತಿನ್ನೋ ಭಾಗ ಹೂವಿನ ಬುಡ ಊದ್ಕೊಂಡು ತಿರುಳಾಗಿರೋದು, ನಿಜವಾದ ಕಾಯಿ ಅನ್ನೋದು ಆ ನಡುವಿನ ಗಟ್ಟಿ ಭಾಗ. ಆಪಲ್, ಪೇರ್, ಕ್ವಿನ್ಸ್, ಲೋಕ್ವಾಟ್ ಎಲ್ಲಾ ಗುಲಾಬಿ ಕುಟುಂಬದ ಒಂದೇ ಕವಲು. ಇಷ್ಟೇ ಸ್ವಂತ ಅಣ್ಣತಮ್ಮಂದಿರು. ಉಳಿದವೆಲ್ಲ ಹೆಸರು ಹಂಚ್ಕೊಂಡೋವು. ಇಂಗ್ಲಿಷಲ್ಲಿ ರೋಸ್ ಆಪಲ್ ಅನ್ನೋ ನಮ್ಮ ಪನ್ನೇರಳೆ ನೇರಳೆಯ ಬಳಗ. ವುಡ್ ಆಪಲ್ ಅನ್ನೋ ಬೇಲದ ಹಣ್ಣು ಕಿತ್ತಳೆ, ನಿಂಬೆ ಕುಟುಂಬದ್ದು. ಗೇರುಹಣ್ಣಿಗೆ ಕ್ಯಾಶ್ಯೂ ಆಪಲ್ ಅಂತಾರೆ, ಅದು ಮಾವಿನ ಬಳಗ. ಕಸ್ಟರ್ಡ್ ಆಪಲ್ ಅಂದ್ರೆ ಸೀತಾಫಲ, ಪ್ರಿಕ್ಲಿ ಪೇರ್ ಅಂದ್ರೆ ಪಾಪಸ್‌ಕಳ್ಳಿ ಹಣ್ಣು. ಬೆಣ್ಣೆಹಣ್ಣಿಗೆ ಅಲಿಗೇಟರ್ ಪೇರ್ ಅಂತ ಹಳೇ ಹೆಸರಿದೆ, ಸಿಪ್ಪೆ ಮೊಸಳೆ ಚರ್ಮದ ತರ ಇರೋದ್ರಿಂದ ಅಂತಾರೆ, ಆದ್ರೆ ಅದು ದಾಲ್ಚಿನ್ನಿ ಕುಟುಂಬದ ಮರ. ಎಲೆ ಹಿಸುಕಿ ಮೂಸಿ ನೋಡಿ, ಕೆಲವು ಮರದ ಎಲೇಲಿ ಸೋಂಪಿನ ವಾಸನೆ ಬರುತ್ತೆ.

ಡಚ್ಚರು ಕಿತ್ತಳೆಗೆ ಚೀನಾದ ಆಪಲ್ ಅಂತಾರೆ, ಆಲೂಗಡ್ಡೆಗೆ ಭೂಮಿಯ ಆಪಲ್ ಅಂತಾರೆ, ಫಾರ್ಸಿಯೋರೂ ಆಲೂಗಡ್ಡೆಗೆ ನೆಲದ ಸೇಬು ಅಂತಾನೇ ಹೇಳೋದು, ಇಟಲಿಯೋರಿಗೆ ಟೊಮೆಟೊನೇ ಚಿನ್ನದ ಆಪಲ್. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ನಮ್ಮ ಕೊಡಗಿನ ಕಿತ್ತಳೇನೂ ಆ ಲೆಕ್ಕದಲ್ಲಿ ಒಂದು ಆಪಲ್ಲೇ. ಹೆಸರು ನೋಡಿ ಗಿಡ ನೆಟ್ಟೋರು, ಹಣ್ಣು ಕೊಂಡೋರು ಮೋಸ ಹೋಗೋದು ಹೀಗೇ.

ಸಂತೇಲಿ ತಗೊಳ್ಳೋವಾಗ

ಆಪಲ್ ಅಂದ್ರೆ ಒಂದೇ ಹಣ್ಣು ಅಂತ ನಾವು ಅಂದ್ಕೊಂಡಿರ್ತೀವಿ, ಅಂಗಡಿಯವ್ರು ಸಿಮ್ಲಾ, ಕಾಶ್ಮೀರಿ, ವಾಷಿಂಗ್ಟನ್ ಅಂತ ಊರ ಹೆಸರು ಹೇಳ್ತಾರೆ, ತಳಿ ಹೆಸರು ಹೇಳಲ್ಲ. ರುಚಿ ಗೊತ್ತಾಗೋದು ತಳಿಯಿಂದ. ಕಡುಗೆಂಪು, ಕೆಳಗಡೆ ಐದು ಗುಬ್ಬಿ ಇರೋದು ಡೆಲಿಷಿಯಸ್ ಜಾತಿ. ಇದನ್ನ 1916ರ ಸುಮಾರಿಗೆ ಹಿಮಾಚಲದ ಕೋಟ್‌ಗಢಕ್ಕೆ ತಂದು ನೆಟ್ಟವ್ರು ಸ್ಯಾಮುಯೆಲ್ ಸ್ಟೋಕ್ಸ್ ಅನ್ನೋ ಅಮೆರಿಕದವ್ರು, ಮುಂದೆ ಸತ್ಯಾನಂದ ಅಂತ ಹೆಸರು ಬದಲಾಯಿಸ್ಕೊಂಡು ಇಲ್ಲೇ ಉಳ್ಕೊಂಡ್ರು, ಸ್ವಾತಂತ್ರ್ಯ ಚಳವಳೀಲಿ ಜೈಲಿಗೂ ಹೋದ್ರು. ಹಣ್ಣು ಹೊಸದಾಗಿದ್ರೆ ಡೆಲಿಷಿಯಸ್ ತುಂಬಾ ಚೆಂದ, ಹಳೇದಾದ್ರೆ ಮೇಲೆ ಅದೇ ಕೆಂಪು ಹೊಳಪು ಇರುತ್ತೆ, ಒಳಗೆ ರವೆ ರವೆ ಆಗಿರುತ್ತೆ, ಬಾಯಲ್ಲಿ ಹಿಟ್ಟು ಹಾಕ್ಕೊಂಡಂಗೆ. ಫ್ಯೂಜಿ ಜಪಾನಿನ ತಳಿ, 1962ರಲ್ಲಿ ಆ ಹೆಸರಲ್ಲಿ ಹೊರಬಂತು, ಅದರ ಒಂದು ಕಡೆಯ ಹೆತ್ತ ಮರ ಇದೇ ರೆಡ್ ಡೆಲಿಷಿಯಸ್. ಬಣ್ಣ ಮಂಕು, ಗೆರೆಗೆರೆ, ನೋಡೋಕೆ ಏನೂ ಇಲ್ಲ, ಆದ್ರೆ ಸಿಹಿ, ಕರುಂ ಅನ್ನುತ್ತೆ, ತುಂಬಾ ದಿನ ತಡ್ಕೊಳ್ಳುತ್ತೆ. ಗಾಲಾ ಸಣ್ಣದು, ಮೆದು ಸಿಹಿ, ಮಕ್ಕಳ ಟಿಫಿನ್‌ಗೆ ಸರಿಯಾದ ಅಳತೆ. ಹಸಿರು ಗ್ರಾನಿ ಸ್ಮಿತ್ ಹುಳಿ, ಉಪ್ಪು ಖಾರ ಹಚ್ಕೊಂಡು ತಿನ್ನೋರಿಗೆ, ಉಪ್ಪಿನಕಾಯಿ ಹಾಕೋರಿಗೆ.

ನನ್ನ ಆಯ್ಕೆ: ಆಗಸ್ಟಿಂದ ನವೆಂಬರ್ ತನಕ ಹಿಮಾಚಲ, ಕಾಶ್ಮೀರದ ಹೊಸ ಬೆಳೆ ಬರುತ್ತಲ್ಲ, ಆಗ ಡೆಲಿಷಿಯಸ್. ಡಿಸೆಂಬರ್ ಆದ್ಮೇಲೆ ಬರೋದೆಲ್ಲ ಕೋಲ್ಡ್ ಸ್ಟೋರೇಜ್ ಮಾಲು, ಆವಾಗ ಫ್ಯೂಜಿ. ಬಣ್ಣ ನೋಡ್ಬೇಡಿ, ಕೈಯಲ್ಲಿ ಹಿಡಿದು ಭಾರ ನೋಡಿ, ಅದೇ ಗಾತ್ರದಲ್ಲಿ ಯಾವುದು ಭಾರ ಇದೆಯೋ ಅದು. ತೊಟ್ಟಿನ ಹತ್ರ ಸಿಪ್ಪೆ ಸುಕ್ಕಿದ್ರೆ ಬಿಡಿ. ಮೇಣದ ಬಗ್ಗೆ ತುಂಬಾ ಜನ ಹೆದರ್ತಾರೆ. ಆಪಲ್ ಸಿಪ್ಪೆ ಮೇಲೆ ಹುಟ್ಟಿನಿಂದಲೇ ಮೇಣ ಇರುತ್ತೆ, ತೊಳೆದಾಗ ಹೋಗಿರೋದಕ್ಕೆ ತಿನ್ನಬಹುದಾದ ಮೇಣ ಮತ್ತೆ ಹಚ್ಚೋದು ರೂಢಿ, ಬೆಚ್ಚನೆ ನೀರಲ್ಲಿ ಉಜ್ಜಿ ತೊಳೆದ್ರೆ ಸಾಕು. ಸ್ಟಿಕ್ಕರ್ ಇದ್ದ ಮಾತ್ರಕ್ಕೆ ಫಾರಿನ್ ಅಲ್ಲ, ಒಳ್ಳೇದೂ ಅಲ್ಲ.

ಪೇರ್ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ನಮ್ಮ ಕಡೆ ಪೇರ್ ಹಣ್ಣಿಗೆ ಸಿಕ್ಕಷ್ಟು ಅನ್ಯಾಯ ಬೇರೆ ಯಾವ ಹಣ್ಣಿಗೂ ಸಿಕ್ಕಿಲ್ಲ. ತಂದ ದಿನಾನೇ ಕಚ್ತಾರೆ, ಕಲ್ಲು ತರ ಇರುತ್ತೆ, ಥೂ ಇದಕ್ಕಿಂತ ಸೌತೆಕಾಯಿ ವಾಸಿ ಅಂತ ಬದಿಗಿಡ್ತಾರೆ, ವಾರ ಬಿಟ್ಟು ನೋಡಿದ್ರೆ ಒಳಗೆ ಕಂದು ಬಣ್ಣಕ್ಕೆ ತಿರುಗಿ ಕೊಳೆತಿರುತ್ತೆ. ನಡುವಿನ ಎರಡು ದಿನ ಯಾರೂ ನೋಡಿರಲ್ಲ. ಆಪಲ್ ಮರದಲ್ಲೇ ಹಣ್ಣಾಗುತ್ತೆ, ಮೆತ್ತಗಾಗೋ ಜಾತಿಯ ಪೇರ್ ಹಂಗಲ್ಲ, ಅದನ್ನ ಬಲಿತ ಕಾಯಿಯಾಗಿರೋವಾಗ್ಲೇ ಕುಯ್ದು ಹೊರಗೆ ಹಣ್ಣು ಮಾಡ್ಬೇಕು, ಮರದಲ್ಲೇ ಬಿಟ್ರೆ ಒಳಗಿಂದ ಹೊರಕ್ಕೆ ಮೆತ್ತಗಾಗ್ತಾ ನಡುಭಾಗ ಹಾಳಾಗಿರುತ್ತೆ. ಅದಕ್ಕೆ ಹೊಟ್ಟೆ ಅದುಮಿ ನೋಡ್ಬಾರ್ದು, ತೊಟ್ಟಿನ ಪಕ್ಕ, ಕುತ್ತಿಗೆ ಹತ್ರ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಅಲ್ಲಿ ಸ್ವಲ್ಪ ಬಗ್ಗಿದ್ರೆ ಅವತ್ತೇ ತಿನ್ನಿ, ನಾಳೆಗೆ ಇಡ್ಬೇಡಿ. ನಾನು ಸಂತೆಯಿಂದ ತಂದಿದ್ದನ್ನ ಪೇಪರ್‌ನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಒಂದು ಬಾಳೆಹಣ್ಣಿನ ಜೊತೆ ಇಡ್ತೀನಿ. ಬಾಳೆಹಣ್ಣು ಬಿಡೋ ಎಥಿಲೀನ್ ಗಾಳಿಗೆ ಎರಡ್ಮೂರು ದಿನದಲ್ಲಿ ಹದಕ್ಕೆ ಬರುತ್ತೆ. ಡಬ್ಬ ತೆಗೆದಾಗ ಅಕ್ಕಿಯಿಂದ ಜೇನಿನಂಥ ಒಂದು ವಾಸನೆ ಏಳುತ್ತೆ, ಅದೇ ಗುರುತು. ಅತ್ತೆಗೆ ಅವತ್ತು ಚಮಚದಲ್ಲಿ ಕೆರೆದು ಕೊಟ್ಟೆ, ಹಲ್ಲಿನ ಮಾತೇ ಬರಲಿಲ್ಲ.

ಕಾಶ್ಮೀರದಿಂದ ಬರೋ ಬಬ್ಬುಗೋಶಾ ಈ ಮೆತ್ತಗಾಗೋ ಜಾತಿ. ನಾಖ್ ಅನ್ನೋದು, ಮತ್ತೆ ಊಟಿ, ಕೊಡೈಕೆನಾಲ್ ಕಡೆಯಿಂದ ಮಳೆಗಾಲದಲ್ಲಿ ಬರೋ ಒರಟು ಸಿಪ್ಪೆ ಪೇರಿಕಾಯಿ, ಇವು ಗಟ್ಟಿ ಜಾತಿ, ಕರುಂ ಅಂತಾನೇ ತಿನ್ನೋದು. ನಾಲಿಗೆಗೆ ಮರಳು ಸಿಕ್ಕಂಗೆ ಆಗುತ್ತಲ್ಲ ಪೇರ್ ತಿನ್ನೋವಾಗ, ಅದು ಮರಳಲ್ಲ, ಕಲ್ಲುಕೋಶ ಅಂತ, ತಿರುಳಿನೊಳಗೇ ಗಟ್ಟಿಯಾಗಿರೋ ಜೀವಕೋಶಗಳ ಗುಂಪು. ಪೇರಳೇಲೂ ಅದೇ ಇರುತ್ತೆ.

ಮಗಳಿಗೆ ಒಂದು ಆಟ ತೋರಿಸ್ದೆ, ನೀವೂ ಮಾಡಿ. ಬಕೆಟ್ ನೀರಿಗೆ ಒಂದು ಆಪಲ್ಲು ಒಂದು ಪೇರ್ ಬಿಡಿ. ಆಪಲ್ ಆರಾಮಾಗಿ ತೇಲುತ್ತೆ, ಪೇರ್ ಅಷ್ಟು ಸುಲಭಕ್ಕೆ ತೇಲಲ್ಲ, ಕೆಲವು ಮುಳುಗೇ ಬಿಡುತ್ತೆ. ಆಪಲ್‌ನ ಗಾತ್ರದಲ್ಲಿ ಸುಮಾರು ಕಾಲು ಭಾಗ ಗಾಳಿ, ಪೇರ್ ಒಳಗೆ ಅಷ್ಟು ಗಾಳಿ ಇಲ್ಲ, ತಿರುಳು ಒತ್ತೊತ್ತಾಗಿದೆ. ಆಪಲ್ ಕಚ್ಚಿದ್ರೆ ಸದ್ದು ಬರೋದಕ್ಕೂ ಪೇರ್ ಬಾಯಲ್ಲಿ ಕರಗೋದಕ್ಕೂ ಇದೂ ಒಂದು ಕಾರಣ.

ಆರೋಗ್ಯದ ಲೆಕ್ಕಕ್ಕೆ ಬಂದ್ರೆ, ಆಸ್ಪತ್ರೆಗೆ ಯಾರನ್ನಾದ್ರೂ ನೋಡೋಕೆ ಹೋಗೋವಾಗ ನಮ್ಮೋರು ಕಣ್ಮುಚ್ಚಿ ಆಪಲ್ ತಗೋತಾರೆ. ತಪ್ಪೇನಿಲ್ಲ, ಆದ್ರೆ ಲೆಕ್ಕ ನೋಡಿ. 100 ಗ್ರಾಂ ಆಪಲ್‌ನಲ್ಲಿ ನಾರು 2.4 ಗ್ರಾಂ, ಪೇರ್‌ನಲ್ಲಿ 3.1, ಪೇರಳೇಲಿ 5.4. ವಿಟಮಿನ್ ಸಿ ಆಪಲ್‌ನಲ್ಲಿ 5 ಮಿಲಿಗ್ರಾಂ ಒಳಗೆ, ಪೇರಳೇಲಿ 228. ಹಿತ್ತಲಲ್ಲಿ ಉದುರಿ ಕೊಳೆಯೋ ಹಣ್ಣು ದುಡ್ಡು ಕೊಟ್ಟು ತರೋ ಹಣ್ಣಿಗಿಂತ ಎಷ್ಟೋ ಮೇಲು. ಮಲಬದ್ಧತೆ ಇರೋರಿಗೆ ಪೇರ್ ಒಳ್ಳೇದು, ಹಲ್ಲಿಲ್ಲದವ್ರಿಗೂ ಅದೇ. ಸಕ್ಕರೆ ಕಾಯಿಲೆ ಇರೋರು ಯಾವುದೇ ಹಣ್ಣನ್ನ ಜ್ಯೂಸ್ ಮಾಡ್ದೆ, ಸಿಪ್ಪೆ ಸಮೇತ, ಡಾಕ್ಟರ್ ಹೇಳಿದ ಅಳತೇಲಿ ತಿನ್ಬೇಕು. ಮತ್ತೆ ಆಪಲ್ ಬೀಜ ಒಂದೆರಡು ನುಂಗಿದ್ರೆ ಏನೂ ಆಗಲ್ಲ, ರಾಶಿ ಬೀಜ ಜಗಿದು ತಿನ್ಬಾರ್ದು, ಅದರಲ್ಲಿರೋ ಅಮಿಗ್ಡಲಿನ್ ಹೊಟ್ಟೇಲಿ ಸಯನೈಡ್ ಬಿಡುತ್ತೆ.

ಅಡುಗೆಮನೇಲಿ ಈಗ ಎಲ್ಲರ ಬಾಯಲ್ಲೂ ಆಪಲ್ ಸೈಡರ್ ವಿನೆಗರ್. ಕೊಡಗಿನ ಮನೆಗೆ ಅದು ಯಾಕೆ ಬೇಕು ಅಂತ ನನಗೆ ನಿಜವಾಗ್ಲೂ ಅರ್ಥ ಆಗಲ್ಲ, ನಮ್ಮಲ್ಲಿ ಕಾಚಂಪುಳಿ ಇದೆ. ಮಳೆಗಾಲದಲ್ಲಿ ಪಂಪುಳಿ ಹಣ್ಣು ಉದುರುತ್ತೆ, ಪುಟಾಣಿ ಕುಂಬಳಕಾಯಿ ತರ ಗೆರೆಗೆರೆ ಇರೋ ಹಳದಿ ಹಣ್ಣು, ಅದನ್ನ ಆರಿಸಿ ಬುಟ್ಟೀಲಿ ರಾಶಿ ಹಾಕಿದ್ರೆ ತಾನಾಗೇ ರಸ ಸೋರುತ್ತೆ, ಆ ರಸಾನ ಮಡಕೇಲಿ ಗಂಟೆಗಟ್ಲೆ ಕುದಿಸಿದ್ರೆ ಕಪ್ಪಗೆ, ಕಾಫಿ ಡಿಕಾಕ್ಷನ್‌ಗಿಂತ ದಪ್ಪಗೆ ಆಗುತ್ತೆ. ಪಂದಿಕರಿಗೆ ಕೊನೇಲಿ ಒಂದು ಚಮಚ ಬಿಟ್ರೆ ಮನೆ ತುಂಬಾ ಅದೇ ಘಮ. ಆಪಲ್ ವಿನೆಗರ್ ಹುಳಿ ಅಸಿಟಿಕ್ ಆಸಿಡ್‌ದು, ಮೂಗಿಗೆ ಹೊಡೆಯೋದು, ಕಾಚಂಪುಳಿಯ ಹುಳಿ ಬೇರೆ, ಆಳದಲ್ಲಿ ನಿಲ್ಲೋದು. ಸಲಾಡ್‌ಗೆ ಅದು ಇರ್ಲಿ, ಕರಿಗೆ ಇದೇ. ಆಪಲ್ ಬೇಯಿಸೋದಾದ್ರೆ ಗ್ರಾನಿ ಸ್ಮಿತ್ ತಗೊಳ್ಳಿ, ಅದು ಕರಗಿ ಹೋಗಲ್ಲ. ಜಾಮ್‌ಗೆ ಪೇರಳೆ ಎಲ್ಲಕ್ಕಿಂತ ಸುಲಭ, ಪೆಕ್ಟಿನ್ ಜಾಸ್ತಿ, ತಾನಾಗೇ ಗಟ್ಟಿಯಾಗುತ್ತೆ.

ಕತೆಯ ಹಣ್ಣುಗಳು

ಮಗಳ ಪ್ರಶ್ನೆಗೆ ಉತ್ತರ ಕೊಡ್ದೆ ಬಿಡೋಕಾಗಲ್ಲ, ಇದರಲ್ಲೂ ಆಯ್ಕೆ ಮಾಡ್ಬೇಕಾಗುತ್ತೆ, ಎಲ್ಲಾ ಕತೆ ಎಲ್ಲಾ ವಯಸ್ಸಿಗಲ್ಲ. ಗ್ರೀಕರ ಚಿನ್ನದ ಸೇಬಲ್ಲೇ ಎರಡಿದೆ. ಒಂದು ದೂರದ ಪಶ್ಚಿಮದ ತೋಟದ್ದು, ಹೆಸ್ಪೆರಿಡಿಸ್ ಅನ್ನೋ ಕನ್ಯೆಯರು, ಜೊತೆಗೆ ಒಂದು ಡ್ರ್ಯಾಗನ್ ಕಾವಲು, ಹೆರಾಕ್ಲೀಸ್ ಹೋಗಿ ತಂದಿದ್ದು. ಇನ್ನೊಂದು ಜಗಳದ ದೇವತೆ ಎರಿಸ್ ಮದುವೆ ಮನೇಲಿ ಎಸೆದಿದ್ದು, ಅದರ ಮೇಲೆ "ಅತಿ ಚೆಲುವೆಗೆ" ಅಂತ ಬರೆದಿತ್ತು, ಮೂರು ದೇವಿಯರು ನನಗೆ ನನಗೆ ಅಂದ್ರು, ಪ್ಯಾರಿಸ್ ಅನ್ನೋ ರಾಜಕುಮಾರ ಒಬ್ಬಳಿಗೆ ಕೊಟ್ಟ, ಅಲ್ಲಿಂದ ಟ್ರಾಯ್ ಯುದ್ಧ. ಉತ್ತರ ಯುರೋಪಿನ ಇಡುನ್ ದೇವಿಯ ಸೇಬು ಜಗಳದ್ದಲ್ಲ, ದೇವರುಗಳು ಮುದುಕರಾಗದೆ ಇರೋಕೆ ತಿಂತಿದ್ದಿದ್ದು. ಚಿಕ್ಕ ಮಕ್ಕಳಿಗೆ ನಾನು ಇಡುನ್ ಕತೆ ಹೇಳ್ತೀನಿ, ಎರಿಸ್ ಕತೆ ಹತ್ತು ವರ್ಷ ದಾಟಿದ ಮೇಲೆ. ಇನ್ನು ಆದಾಮ ಹವ್ವ ತಿಂದ ಹಣ್ಣು ಆಪಲ್ ಅಂತ ಮೂಲದಲ್ಲಿ ಎಲ್ಲೂ ಇಲ್ಲ, ಬರೀ ಹಣ್ಣು ಅಂತ ಇರೋದು. ಲ್ಯಾಟಿನ್‌ನಲ್ಲಿ ಕೆಡುಕು ಅನ್ನೋ ಪದವೂ ಸೇಬು ಅನ್ನೋ ಪದವೂ ಹೆಚ್ಚು ಕಡಿಮೆ ಒಂದೇ ತರ ಕೇಳಿಸುತ್ತೆ, ಅದರಿಂದಾನೂ ಪಾಪ ಆಪಲ್ ತಲೆಗೆ ಬಿತ್ತು ಅಂತಾರೆ.

ನಮ್ಮ ಕತೇಲಿ ಸೇಬು ಇಲ್ಲ, ಆದ್ರೆ ಹಣ್ಣಿಗೆ ಬರ ಇಲ್ಲ. ಮೇರು ಪರ್ವತದ ಹತ್ರ ಒಂದು ಜಂಬೂ ಮರ, ಅದರ ನೇರಳೆ ಹಣ್ಣು ಒಂದೊಂದೂ ಆನೆ ಗಾತ್ರ, ಬಿದ್ದು ಒಡೆದ್ರೆ ರಸ ನದಿಯಾಗಿ ಹರಿಯುತ್ತೆ, ಆ ರಸ ಸೋಕಿದ ಮಣ್ಣು ಚಿನ್ನ ಆಗುತ್ತೆ, ಅದಕ್ಕೇ ಚಿನ್ನಕ್ಕೆ ಜಾಂಬೂನದ ಅಂತ ಹೆಸರು, ನಾವು ಸಂಕಲ್ಪದಲ್ಲಿ ಹೇಳೋ ಜಂಬೂದ್ವೀಪ ಅದೇ ಮರದ್ದು. ಪನ್ನೇರಳೆ ಆ ಬಳಗದ್ದೇ ಅಂತ ಗೊತ್ತಾದ್ಮೇಲೆ ಮಗಳು ಹಿತ್ತಲಿನ ಮರಾನ ನೋಡೋ ರೀತಿನೇ ಬದಲಾಯ್ತು. ಇನ್ನೊಂದು ಭರ್ತೃಹರಿಯ ಅಮರಫಲ. ರಾಜ ತಾನು ತಿನ್ನದೆ ಪ್ರೀತಿಯ ರಾಣಿಗೆ ಕೊಡ್ತಾನೆ, ಅವಳು ತನ್ನ ಗುಟ್ಟಿನ ಗೆಳೆಯನಿಗೆ, ಅವನು ಇನ್ನೊಬ್ಬಳಿಗೆ, ಅವಳು ಇದು ರಾಜನಿಗೇ ಸೇರ್ಬೇಕು ಅಂತ ಅರಮನೆಗೆ ತಂದು ಕೊಡ್ತಾಳೆ. ಎರಿಸ್‌ನ ಸೇಬು ಮತ್ತೆ ಈ ಅಮರಫಲ ಪಕ್ಕಪಕ್ಕ ಇಟ್ಟು ನೋಡಿದ್ರೆ, ಅಲ್ಲಿ ಹಣ್ಣಿಗಾಗಿ ಕಿತ್ತಾಡಿದ್ರು, ಇಲ್ಲಿ ಯಾರೂ ತಾವು ತಿನ್ನಲಿಲ್ಲ, ಎಲ್ರೂ ತಮಗೆ ಬೇಕಾದವ್ರಿಗೆ ಕೊಟ್ರು, ಆದ್ರೂ ರಾಜನ ಮನೆ ಮುರೀತು. ನನಗೆ ನಮ್ಮದೇ ಹೆಚ್ಚು ಕಾಡುತ್ತೆ.

ಕಟ್ಟುಕತೆ ತರ ಕೇಳಿಸಿ ನಿಜವಾಗಿರೋ ಹಣ್ಣೂ ಇವೆ. ಸತ್ತ ಸಮುದ್ರದ ದಡದಲ್ಲಿ ಮುಟ್ಟಿದ್ರೆ ಹೊಗೆ ಬೂದಿ ಆಗೋ ಸೇಬಿದೆ ಅಂತ ಹಿಂದಿನವ್ರು ಬರೆದಿಟ್ಟಿದ್ರು, ಸೋಡೋಮಿನ ಸೇಬು ಅಂತ. ಅದು ಎಕ್ಕದ ಒಂದು ಜಾತಿ! ಕಾಯಿ ಹಸಿರಾಗಿ ಊದ್ಕೊಂಡಿರುತ್ತೆ, ಹಿಸುಕಿದ್ರೆ ಒಳಗೆ ಗಾಳಿ, ರೇಷ್ಮೆ ನಾರು, ಬೀಜ ಅಷ್ಟೇ. ನಾವು ಆಂಜನೇಯನಿಗೆ ಹಾರ ಹಾಕೋ ಎಕ್ಕ ಅದರ ಹತ್ತಿರದ ನೆಂಟ, ಆ ಆಂಜನೇಯನೋ ಸೂರ್ಯನನ್ನೇ ಹಣ್ಣು ಅಂದ್ಕೊಂಡು ಹಾರಿದವನು. ಕೆರಿಬಿಯನ್ ಕಡಲತೀರದ ಮಂಚಿನೀಲ್‌ಗೆ ಸ್ಪ್ಯಾನಿಷ್‌ನಲ್ಲಿ ಸಾವಿನ ಪುಟ್ಟ ಸೇಬು ಅಂತಾರೆ, ಮಳೇಲಿ ಆ ಮರದಡಿ ನಿಂತ್ರೆ ಸೋರೋ ನೀರಿಗೇ ಮೈ ಬೊಬ್ಬೆ ಏಳುತ್ತೆ. ವಿಷದ ಸೇಬು ಕತೇಲಿ ಮಾತ್ರ ಅಂತ ಮಕ್ಕಳಿಗೆ ಹೇಳ್ಬೇಡಿ.

ಈಗ ತೋಟ

ತಮ್ಮ, ಇಲ್ಲಿಂದ ಸರಿಯಾಗಿ ಓದು. ಆಪಲ್ ಮರಕ್ಕೆ ಬೇಕಾಗಿರೋದು ನಮಗೆ ಸ್ವೆಟರ್ ಹಾಕಿಸೋ ಚಳಿ ಅಲ್ಲ. ಚಳಿಗಾಲದಲ್ಲಿ ಅದು ಎಲೆ ಉದುರಿಸಿ ಮಲಗುತ್ತೆ, 7 ಡಿಗ್ರಿ ಸುತ್ತಮುತ್ತ ಇಲ್ಲ ಅದಕ್ಕಿಂತ ಕಡಿಮೆ ತಂಪಲ್ಲಿ ಇಂತಿಷ್ಟು ಗಂಟೆ ಕಳೆದ್ರೆ ಮಾತ್ರ ಎಚ್ಚರ ಆಗಿ ಹೂ ಬಿಡೋದು. ಡೆಲಿಷಿಯಸ್‌ನಂಥವಕ್ಕೆ ಸುಮಾರು 1000 ಗಂಟೆ ಬೇಕು. ಮಡಿಕೇರೀಲಿ ಜನವರಿ ಬೆಳಗಿನ ಜಾವಾನೂ ಸಾಮಾನ್ಯವಾಗಿ 10 ಡಿಗ್ರಿ ಮೇಲೇ ಇರುತ್ತೆ, ಲೆಕ್ಕ ಶುರುವಾಗೋದೇ ಇಲ್ಲ. ನೀನು ವಿಡಿಯೋದಲ್ಲಿ ನೋಡಿರೋದು ಬೇರೆ ತಳಿ: ಇಸ್ರೇಲಿನ ಅನ್ನಾ, ಬಹಾಮಾಸಿನ ಡಾರ್ಸೆಟ್ ಗೋಲ್ಡನ್, ಮತ್ತೆ ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಅವರು ತಮ್ಮ ಬಿಸಿಲೂರಲ್ಲೇ ಬೆಳೆಸಿ ತೋರಿಸಿದ ಎಚ್‌ಆರ್‌ಎಂಎನ್-99, ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇವಕ್ಕೆ ಚಳಿ ಕಮ್ಮಿ ಸಾಕು. ದೊಡ್ಡ ಸಾಧನೆ, ನಾನು ಅಲ್ಲಗಳೀತಿಲ್ಲ. ಆದ್ರೆ ಬಿಲಾಸ್‌ಪುರದ ಮಳೆ ಬೇರೆ, ನಮ್ಮ ಮಳೆ ಬೇರೆ. ನಮ್ಮ ಅಪ್ಪ ಇಂಚಿನ ಲೆಕ್ಕ ಬರೆದಿಡ್ತಿದ್ರಲ್ಲ, ಒಳ್ಳೆ ವರ್ಷ 120 ಇಂಚು ದಾಟ್ತಿತ್ತು, ಜೂನಿಂದ ಸೆಪ್ಟೆಂಬರ್ ತನಕ ಎಲೆ ಒಣಗೋದೇ ಇಲ್ಲ.

ನಾನು ನೆಟ್ಟು ನೋಡಿದೀನಿ, ನಿನಗೆ ಹೇಳಿರಲಿಲ್ಲ. 2017ರಲ್ಲಿ ಒಂದು ನರ್ಸರಿಯಿಂದ ಅನ್ನಾ ಎರಡು, ಡಾರ್ಸೆಟ್ ಒಂದು ತಂದೆ, ಅನ್ನಾಗೆ ಪರಾಗ ಕೊಡೋಕೆ ಜೊತೆ ಬೇಕು ಅಂತ. ಮೊದಲ ಮಳೆಗೇ ಎಲೆ ಮೇಲೆ ಕಪ್ಪು ಚುಕ್ಕೆ, ಆಮೇಲೆ ಹಳದಿ, ಆಗಸ್ಟಲ್ಲಿ ಕಡ್ಡಿ ಮಾತ್ರ. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆದೆ, ಮರುದಿನದ ಮಳೆ ತೊಳ್ಕೊಂಡು ಹೋಯ್ತು. 2018ರ ಆಗಸ್ಟ್ ಮಳೆ ನಿನಗೆ ಗೊತ್ತೇ ಇದೆ, ಗುಡ್ಡಗಳೇ ಜಾರಿದ ಕಾಲ, ನಮ್ಮದು ಉಳೀತು, ಆದ್ರೆ ಎರಡು ಗಿಡದ ಬೇರು ಕೊಳೆತು ಹೋಯ್ತು, ಕಿತ್ತಾಗ ಕೈಗೆ ಬಂದಿದ್ದು ಕಪ್ಪು ಲೋಳೆ. ಮೂರನೇದು ಮೂರು ವರ್ಷ ಬದುಕಿ ಒಂದೇ ಸಲ ನಾಲ್ಕು ಕಾಯಿ ಬಿಟ್ತು, ಅದನ್ನೂ ಕೆಂಜಳಿಲು ಕಚ್ಚಿ ಬೀಳಿಸ್ತು. ಬೀಳಿಸಿದ್ದರಲ್ಲಿ ಒಂದನ್ನ ಒರೆಸಿ ತಿಂದೆ, ಹುಳಿ ಸಿಹಿ ಎರಡೂ ಇತ್ತು, ಪರಿಮಳಾನೂ ಇತ್ತು. ಅದಕ್ಕೇ ಹೇಳೋದು, ಆಸೆ ತಪ್ಪಲ್ಲ, ಜಾಗ ತಪ್ಪು.

ಉಷ್ಣವಲಯದಲ್ಲಿ ಆಪಲ್ ಆಗೋದೇ ಇಲ್ಲ ಅಂತಲ್ಲ. ಇಂಡೋನೇಷ್ಯಾದ ಜಾವಾದಲ್ಲಿ ಮಲಾಂಗ್ ಹತ್ರ ಬಾತು ಅನ್ನೋ ಬೆಟ್ಟದೂರಲ್ಲಿ ಕೊಯ್ಲಾದ್ಮೇಲೆ ಎಲೇನೆಲ್ಲ ಕೈಯಲ್ಲೇ ಕಿತ್ತು ಮರಾನ ಬೋಳು ಮಾಡ್ತಾರೆ, ಮರ ಮತ್ತೆ ಚಿಗುರಿ ಹೂ ಬಿಡುತ್ತೆ, ವರ್ಷಕ್ಕೆ ಎರಡು ಬೆಳೆ ತೆಗೀತಾರೆ. ಅಷ್ಟು ಆಳು ನಮ್ಮಲ್ಲಿ ಎಲ್ಲಿ, ಕಾಫಿ ಕುಯ್ಯೋಕೇ ಜನ ಸಿಗಲ್ಲ. ತೀರಾ ಮಾಡ್ಲೇಬೇಕು ಅನ್ನೋರು ಮಳೆ ಕಮ್ಮಿ ಇರೋ ಕುಶಾಲನಗರ, ಶನಿವಾರಸಂತೆ ಕಡೆ ನಾಲ್ಕು ಗಿಡ ನೆಟ್ಟು ನೋಡ್ಲಿ, ಅರ್ಧ ಎಕರೆ ಬೇಡ.

ಲೋಕ್ವಾಟ್ ನೆಡು. ಹಿರಿಯರು ಲಕೋಟೆ ಹಣ್ಣು ಅನ್ನೋದು ಇದಕ್ಕೇ. ಆಪಲ್‌ನ ಸ್ವಂತ ಬಳಗ, ಚಳಿಗಂಟೆಯ ಹಂಗಿಲ್ಲ, ಎಲೆ ಉದುರಿಸಲ್ಲ, ಮಳೆ ಮುಗಿದ್ಮೇಲೆ ಹೂ ಬಿಟ್ಟು ಬೇಸಿಗೆ ಹೊತ್ತಿಗೆ ಹಣ್ಣು, ಹಂಗಾಗಿ ಕಾಯಿಗೆ ಮಳೆ ಕಾಟ ಇಲ್ಲ. ಹಣ್ಣು ಸಣ್ಣದು, ಬೀಜ ದೊಡ್ಡದು, ಎರಡು ದಿನಕ್ಕಿಂತ ಇಡೋಕಾಗಲ್ಲ, ಮಾರೋಕೆ ಆಗಲ್ಲ. ಮನೆ ಮಕ್ಕಳಿಗೆ, ಹಕ್ಕಿಗೆ. ಪನ್ನೇರಳೆ ಒಂದಾದ್ರೂ ಇರ್ಲೇಬೇಕು ಅನ್ನೋದು ನನ್ನ ಹಠ. ಹಳೇ ಬಂಗಲೆ, ಐನ್‌ಮನೆ (ಕೊಡವರ ಕುಟುಂಬದ ಮೂಲಮನೆ) ಅಂಗಳದಲ್ಲಿ ಇದ್ದ ಮರಗಳು ಒಂದೊಂದಾಗಿ ಹೋಗ್ತಿವೆ, ಪಾರ್ಕಿಂಗ್‌ಗೆ ಜಾಗ ಬೇಕು ಅಂತ ಕಡೀತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆ ಹಣ್ಣನ್ನ ಕಿವಿ ಹತ್ರ ಅಲ್ಲಾಡಿಸಿದ್ರೆ ಒಳಗೆ ಬೀಜ ಗಲಗಲ ಅನ್ನುತ್ತೆ, ಕಚ್ಚಿದ್ರೆ ಬಾಯಿಗಿಂತ ಮೊದ್ಲು ಮೂಗಿಗೆ ಗುಲಾಬಿ ನೀರು. ರುಚಿ ತೆಳು, ಒಪ್ತೀನಿ. ಕೆಂಪು ಗಂಟೆ ತರದ ಜಂಬು ಹಣ್ಣು ಬೇರೆ, ಅದು ನೀರು ಜಾಸ್ತಿ, ಪರಿಮಳ ಇಲ್ಲ, ಎರಡರಲ್ಲಿ ಒಂದು ಅಂದ್ರೆ ಪನ್ನೇರಳೇನೇ. ಪೇರ್ ನೆಡೋ ಆಸೆ ಇದ್ರೆ ನೀಲಗಿರಿ ಕಡೆ ಹೊಂದ್ಕೊಂಡಿರೋ ಕೀಫರ್ ಒಂದು ನೋಡಬಹುದು, ಖಾತ್ರಿ ಕೊಡಲ್ಲ.

ದುಡ್ಡು ಕೊಡೋ ಮರ ಬೆಣ್ಣೆಹಣ್ಣು. ಕಾಫಿ ಮಧ್ಯೆ ನೆರಳಿಗೂ ಆಗುತ್ತೆ, ಚೆಟ್ಟಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವ್ರು ಅರ್ಕಾ ಸುಪ್ರೀಂ ಅಂತ ತಳಿನೂ ಬಿಟ್ಟಿದಾರೆ, ನಮ್ಮ ಹವಾಮಾನದಲ್ಲೇ ಆರಿಸಿದ್ದು. ಬೀಜದ ಗಿಡ ಹಾಕ್ಬೇಡ, ಕಾಯಿಗೆ ವರ್ಷಾನುಗಟ್ಲೆ ಕಾಯ್ಬೇಕು, ಬಂದ ಕಾಯಿ ತಾಯಿ ತರ ಇರುತ್ತೆ ಅನ್ನೋ ಭರವಸೇನೂ ಇಲ್ಲ, ಆಪಲ್ ಬೀಜದ ಗುಣಾನೂ ಇದೇ, ಕಸಿ ಗಿಡಾನೇ ಹಾಕು. ನೀರು ನಿಂತ್ರೆ ಬೇರು ಕೊಳೆ ರೋಗ ಇದಕ್ಕೂ ಬರುತ್ತೆ, ಅದಕ್ಕೆ ಇಳಿಜಾರಲ್ಲಿ, ಮಣ್ಣು ಏರಿಸಿ ದಿಬ್ಬದ ಮೇಲೆ ನೆಡ್ಬೇಕು. ಪೇರಳೆ ಬಯಲು ಬಿಸಿಲಿರೋ ಕಡೆ ಒಂದೆರಡು ಸಾಕು, ಮಳೆಗಾಲದ ಕಾಯಿಗೆ ನೊಣದ ಹುಳ ಬೀಳುತ್ತೆ, ಸಣ್ಣ ಇದ್ದಾಗ್ಲೇ ಕವರ್ ಕಟ್ಟು, ಇಲ್ಲಾ ಚಳಿಗಾಲದ ಬೆಳೆ ನಂಬ್ಕೋ, ರುಚೀನೂ ಅದೇ ಜಾಸ್ತಿ.

ಯಾವುದನ್ನೇ ನೆಟ್ರೂ ಆನೆ ದಾರಿ ನೋಡ್ಕೊಂಡು ನೆಡು. ಹಲಸಿನ ವಾಸನೆಗೆ ತೋಟಕ್ಕೆ ನುಗ್ತವೆ ಅಂತ ಎಷ್ಟು ಜನ ಕಾಯಿ ಎಳೇದಿರೋವಾಗ್ಲೇ ಕಡಿದು ಹಾಕ್ತಾರೆ, ನಿನಗೆ ಗೊತ್ತು.

ಲೆಕ್ಕ ಹಾಕಿಟ್ಟಿದೀನಿ: ಮೇಲಿನ ತೋಟದ ಇಳಿಜಾರಿಗೆ ಬೆಣ್ಣೆಹಣ್ಣಿನ ಕಸಿ ಹದಿನೆಂಟು, ಗೇಟಿನ ಹತ್ರ ಲೋಕ್ವಾಟ್ ಎರಡು, ನೀರಿನ ಟ್ಯಾಂಕ್ ಪಕ್ಕ ಪನ್ನೇರಳೆ ಒಂದು, ಅದರ ಸಸಿ ಹಳೇ ಮರದಡಿ ತಾನಾಗೇ ಎದ್ದಿದೆ, ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಇಟ್ಟಿದೀನಿ. ಗುಂಡಿ ಮೇ ತಿಂಗಳಲ್ಲೇ ಆಗ್ಬೇಕು, ಒಂದು ಹದ ಮಳೆ ಬಿದ್ದ ಕೂಡ್ಲೇ ನೆಡ್ಬೇಕು. ರಜೆ ಹಾಕಿ ಬಾ. ಬರೋವಾಗ ದಾರೀಲಿ ಬಬ್ಬುಗೋಶಾ ಸಿಕ್ಕಿದ್ರೆ ಎರಡು ಕೆಜಿ ತಗೊಂಡು ಬಾ, ಸಿಗದಿದ್ರೆ ಗಟ್ಟಿ ಪೇರ್ ತರ್ಬೇಡ, ಅತ್ತೆ ಹಲ್ಲಿಗೆ ಅದಾಗಲ್ಲ.